ಮನೇನೇ ಹೊತ್ಕೊಂಡು ಬಂದವರು

(1)

ಮೊದಲ ಫೋಟೊ ಸರಿಯಾಗಿ ನೋಡಿ, ಆಮೇಲೆ ಸ್ವೈಪ್ ಮಾಡಿ. ಇದು ಕೆಆರ್‌ಎಸ್ ರೋಡಿನ ನಮ್ಮ ರೈಲ್ ಮ್ಯೂಸಿಯಂನಲ್ಲಿರೋ ಮಹಾರಾಣಿಯವರ ಸಲೂನ್ ಬೋಗಿ. 1899ರದ್ದು. ಒಳಗೆ ಅಡುಗೆಮನೆ ಇದೆ, ಊಟದ ಜಾಗ ಇದೆ, ಟಾಯ್ಲೆಟ್ ಇದೆ. ಸ್ಕೂಲ್ ಟ್ರಿಪ್‌ನಲ್ಲಿ ನಾವೆಲ್ಲ ಇದರ ಮುಂದೆ ನಿಂತು ಫೋಟೊ ತೆಗೆಸ್ಕೊಂಡಿದ್ದೀವಿ, ಆದ್ರೆ ಯಾರೂ ಸರಿಯಾಗಿ ನೋಡಿರ್ಲಿಲ್ಲ. ಹೋದ ಭಾನುವಾರ ನಾನು ಮತ್ತೆ ಹೋಗಿ ಅರ್ಧ ಗಂಟೆ ನಿಂತು ನೋಡಿದೆ. ನನ್ನ ಪ್ರಕಾರ ಮೈಸೂರಿನ ಮೊದಲ ಕ್ಯಾಂಪರ್ ವ್ಯಾನ್ ಇದೇ. ಎಂಜಿನ್ ಬೇರೆಯವರದ್ದು, ದಾರಿ ಹಳಿಯದ್ದು, ಅಷ್ಟೇ ವ್ಯತ್ಯಾಸ.

ಯಾಕೆ ಇದ್ದಕ್ಕಿದ್ದ ಹಾಗೆ ಕ್ಯಾಂಪರ್ ವ್ಯಾನ್ ಅಂತೀರಾ? ನಮ್ಮ ದೊಡ್ಡಪ್ಪನ ಮಗ, ನಾವು ಅಣ್ಣ ಅಂತಲೇ ಕರೆಯೋದು, ನ್ಯೂಜಿಲೆಂಡ್‌ನಲ್ಲಿ ಮಾಸ್ಟರ್ಸ್ ಮುಗಿಸಿ ಈಗ ಆಕ್ಲೆಂಡ್‌ನಲ್ಲಿ ಕೆಲಸದಲ್ಲಿದ್ದಾನೆ. ಹೋದ ತಿಂಗಳು ವಿಡಿಯೊ ಕಾಲ್ ಮಾಡಿ, ಇಬ್ಬರು ಫ್ರೆಂಡ್ಸ್ ಜೊತೆ ಸೇರಿ ಒಂದು ಹಳೇ ಟೊಯೊಟಾ ಹೈಏಸ್ ವ್ಯಾನ್ ತಗೊಂಡು, ರಜೆ ಹಾಕಿ, ಸೌತ್ ಐಲ್ಯಾಂಡ್ ಪೂರ್ತಿ ಸುತ್ತುತ್ತೀನಿ ಅಂದ. ಬೆಲೆ 9,000 ನ್ಯೂಜಿಲೆಂಡ್ ಡಾಲರ್. ಮೂರು ಪಾಲು ಮಾಡಿದ್ರೆ ತಲಾ 3,000. ನಮ್ಮ ದುಡ್ಡಲ್ಲಿ ಸುಮಾರು ಒಂದೂವರೆ ಲಕ್ಷ. ಅದರಲ್ಲಿ ಅರ್ಧ ತಾತನ ಹತ್ರ ಕೇಳಿದ. ತಾತನ ಆ ಎಫ್‌ಡಿ ಇರೋದು ನನ್ನ ಸಿಎ ಕೋಚಿಂಗ್‌ಗೆ ಅಂತ.

ಈಗ ಗೊತ್ತಾಯ್ತಲ್ಲ, ನನಗ್ಯಾಕೆ ಇಷ್ಟು ಇಂಟರೆಸ್ಟ್ ಅಂತ.

ಅಜ್ಜಿ "ಕೆಲಸ ಸಿಕ್ಕಿದ ವರ್ಷವೇ ಮನೆ ಬಿಟ್ಟು ಗಾಡೀಲಿ ಮಲಗ್ತಾನಂತಾ?" ಅಂದ್ರು. ಅಪ್ಪ ಏನೂ ಅನ್ನಲಿಲ್ಲ, ಅದು ಇನ್ನೂ ಡೇಂಜರ್. ತಾತ ಮಾತ್ರ ಕೇಳಿದ್ದು ಒಂದೇ ಪ್ರಶ್ನೆ: "ಎಂಜಿನ್ ಮುಂದಿದೆಯಾ, ಹಿಂದಿದೆಯಾ?" ಆ ಪ್ರಶ್ನೆ ಎಲ್ಲಿಂದ ಬಂತು ಅಂತ ಹುಡುಕ್ತಾ ಹೋದೆ. ಈ ಸೀರೀಸ್ ಹುಟ್ಟಿದ್ದು ಹಾಗೆ.

(2)

ಮೊದಲು ನಮ್ಮದೇ ಒಂದು ಮಾತು. ಗಾಡೀಲೇ ಮನೆ ಕಟ್ಕೊಂಡು ಹೋಗೋದು ಫಾರಿನ್‌ನವರ ಐಡಿಯಾ ಅಂತ ಅಂದ್ಕೊಂಡಿದ್ರೆ, ನಿಮ್ಮ ಮನೆಯ ಹಳೇ ಆಲ್ಬಮ್ ತೆಗೀರಿ. ಒಂದು ಮೆಟಡಾರ್ ಮುಂದೆ ಹದಿನೈದು ಜನ ಕಣ್ಣು ಕಿರಿದು ಮಾಡಿ ನಿಂತಿರೋ ಫೋಟೊ ಇದ್ದೇ ಇರುತ್ತೆ. ಬಜಾಜ್ ಟೆಂಪೊ ಕಂಪನಿಯ ಮೆಟಡಾರ್. ಅದರ ಮೂಲ ಡಿಸೈನ್ ಜರ್ಮನಿಯ ಹಾನೋಮಾಗ್ ವ್ಯಾನಿಂದು. ಸುಬ್ರಹ್ಮಣ್ಯ, ಧರ್ಮಸ್ಥಳ, ಹೊರನಾಡು, ಶೃಂಗೇರಿ. ಸೀಟಿನ ಕೆಳಗೆ ಪಂಪ್ ಸ್ಟವ್, ಡಬ್ಬದಲ್ಲಿ ಪುಳಿಯೋಗರೆ ಗೊಜ್ಜು, ಗೋಣಿಚೀಲದಲ್ಲಿ ಅಕ್ಕಿ, ಮೇಲೆ ಕ್ಯಾರಿಯರ್‌ನಲ್ಲಿ ಹಾಸಿಗೆ ಸುರುಳಿ. ಹೊಳೆ ಸಿಕ್ಕಿದ ಕಡೆ ನಿಲ್ಸಿ ಸ್ನಾನ, ಮರ ಸಿಕ್ಕಿದ ಕಡೆ ಅಡುಗೆ. ನಮ್ಮಮ್ಮನಿಗೆ ಈಗಲೂ ಮೆಟಡಾರ್ ಅಂದ್ರೆ ಸೀಮೆಎಣ್ಣೆ ವಾಸನೆ ನೆನಪಾಗುತ್ತಂತೆ.

ಒಂದೇ ಒಂದು ಫರಕು. ಆ ಗಾಡಿ ಬಾಡಿಗೆದು. ಮೂರು ದಿನಕ್ಕೆ ವಾಪಸ್ ಕೊಡ್ಬೇಕು. ದೇಶದ ಗಡಿ ದಾಟೋ ಮಾತಂತೂ ಯಾರ ತಲೇಲೂ ಇರ್ಲಿಲ್ಲ. ಯಾಕೆ ಇರ್ಲಿಲ್ಲ ಅನ್ನೋದೇ ನನ್ನ ನಿಜವಾದ ವಿಷಯ. ಅದಕ್ಕೆ ಇನ್ನು ನಾಲ್ಕೈದು ಪೋಸ್ಟ್ ಕಾಯ್ಬೇಕು.

(3)

ಲಂಡನ್‌ನಿಂದ ಕಲ್ಕತ್ತಾಗೆ ಬಸ್ ಇತ್ತು. ರೀಲ್ಸ್‌ನಲ್ಲಿ ನೋಡಿ ಫೇಕ್ ಅಂದ್ಕೊಂಡಿರ್ತೀರ, ಆದ್ರೆ ನಿಜ. 1957ರ ಏಪ್ರಿಲ್ 15ಕ್ಕೆ "ಇಂಡಿಯಾಮನ್" ಅನ್ನೋ ಬಸ್ 20 ಪ್ರಯಾಣಿಕರನ್ನ ಹೊತ್ತು ಲಂಡನ್ ಬಿಟ್ಟಿತು. ಕಲ್ಕತ್ತಾ ತಲುಪಿದ್ದು ಜೂನ್ 5ಕ್ಕೆ. ಬರೋಕೆ ಟಿಕೆಟ್ 85 ಪೌಂಡ್, ಹೋಗೋಕೆ 65 ಪೌಂಡ್. ಒಂದೇ ದಾರಿಗೆ ಎರಡು ರೇಟ್ ನೋಡಿ! ಯಾವ ಕಡೆಗೆ ಡಿಮ್ಯಾಂಡ್ ಇತ್ತು ಅಂತ ಆ ರೇಟೇ ಹೇಳುತ್ತೆ. ನಮ್ಮ ಎಕನಾಮಿಕ್ಸ್ ಟೆಕ್ಸ್ಟ್‌ಬುಕ್‌ನಲ್ಲಿ ಈ ಉದಾಹರಣೆ ಹಾಕಿದ್ರೆ ನಾನು ಒಂದು ಮಾರ್ಕೂ ಕಳ್ಕೊಳ್ತಿರ್ಲಿಲ್ಲ.

ಆಮೇಲೆ ಅರವತ್ತರ ದಶಕದ ಕೊನೆಗೆ ಬಂತು ನೋಡಿ ಹಿಪ್ಪಿಗಳ ಕಾಲ. ಯುರೋಪಿನ ಹುಡುಗ ಹುಡುಗಿಯರು ನಮ್ಮ ವಯಸ್ಸಿನವರೇ, ಹಳೇ ವ್ಯಾನ್ ತಗೊಂಡು ಹೊರಟುಬಿಡೋರು. ಇಸ್ತಾಂಬುಲ್, ಎರ್ಜುರುಮ್, ತಬ್ರೀಜ್, ಟೆಹರಾನ್, ಮಷಾದ್, ಹೆರಾತ್, ಕಂದಹಾರ್, ಕಾಬೂಲ್, ಖೈಬರ್ ಕಣಿವೆ, ಪೇಷಾವರ, ಲಾಹೋರ್, ಅಮೃತಸರ, ಡೆಲ್ಲಿ. ಅಲ್ಲಿಂದ ಒಂದು ಗುಂಪು ಕಠ್ಮಂಡುವಿಗೆ, ಇನ್ನೊಂದು ಗೋವಾಗೆ. ಗೋವಾ ಬೋರ್ ಆದವರು ಇನ್ನೂ ಕೆಳಗೆ, ಗೋಕರ್ಣ, ಹಂಪಿ, ಮೈಸೂರು, ಕೋವಳಂ. ಇಸ್ತಾಂಬುಲ್‌ನಲ್ಲಿ ಪುಡಿಂಗ್ ಶಾಪ್ ಅಂತ ಒಂದು ಹೋಟೆಲ್ ಇತ್ತು, ಈಗಲೂ ಇದೆ. ಅದರ ಗೋಡೇಲಿ ಒಂದು ನೋಟಿಸ್ ಬೋರ್ಡ್. "ಡೆಲ್ಲಿಗೆ ಹೋಗ್ತಿದ್ದೀವಿ, ಒಂದು ಸೀಟ್ ಖಾಲಿ, ಪೆಟ್ರೋಲ್ ಖರ್ಚು ಹಂಚ್ಕೊಳ್ಳಬೇಕು" ಅನ್ನೋ ಥರದ ಚೀಟಿಗಳು. ಆ ಕಾಲದ ವಾಟ್ಸಾಪ್ ಗ್ರೂಪ್ ಅನ್ನಿ. 1973ರ ಅಕ್ಟೋಬರ್ 30ಕ್ಕೆ ಬಾಸ್ಫರಸ್ ಮೇಲೆ ಸೇತುವೆ ಓಪನ್ ಆಗೋವರೆಗೂ ಈ ವ್ಯಾನ್‌ಗಳೆಲ್ಲ ಯುರೋಪಿಂದ ಏಷ್ಯಾಗೆ ದಾಟಿದ್ದು ದೋಣೀಲಿ.

ವ್ಯಾನ್ ಅಂದ್ರೆ ಹೆಚ್ಚಾಗಿ ಫೋಕ್ಸ್‌ವ್ಯಾಗನ್ ಟೈಪ್ 2. ಜನ ಕೋಂಬಿ ಅಂತಾರೆ. 1950ರಲ್ಲಿ ಉತ್ಪಾದನೆ ಶುರು. ಮುಂದಿನ ವರ್ಷವೇ ವೆಸ್ಟ್‌ಫಾಲಿಯಾ ಅನ್ನೋ ಕಂಪನಿ ಅದರೊಳಗೆ ಮಂಚ, ಕಪಾಟು ಕೂರಿಸಿ ಕ್ಯಾಂಪರ್ ಮಾಡೋಕೆ ಶುರು ಮಾಡಿತು. ಎಂಜಿನ್ ಹಿಂದೆ. ಅದನ್ನ ತಣ್ಣಗಿಡೋದು ಗಾಳಿ, ನೀರಲ್ಲ. ಅಂದ್ರೆ ರೇಡಿಯೇಟರ್ರೇ ಇಲ್ಲ. ಇರಾನಿನ ಮರುಭೂಮೀಲಿ ನೀರು ಕುದಿದು ಉಕ್ಕೋ ತಾಪತ್ರಯ ಇಲ್ಲ. ತಾತನ ಪ್ರಶ್ನೆಯ ಅರ್ಧ ಉತ್ತರ ನನಗೆ ಇಲ್ಲೇ ಸಿಕ್ತು.

(4)

ಸರಿ, ವ್ಯಾನ್ ಎಲ್ಲಿ ಸಿಗ್ತಿತ್ತು? ಶೋರೂಮ್‌ನಲ್ಲಿ ಅಲ್ಲ. ಲಂಡನ್‌ನ ಸ್ಟ್ರಾಂಡ್ ರಸ್ತೇಲಿ ಆಸ್ಟ್ರೇಲಿಯಾ ಹೌಸ್ ಅಂತ ಇದೆ, ಆಸ್ಟ್ರೇಲಿಯಾದ ಹೈಕಮಿಷನ್ ಕಟ್ಟಡ. ಅದರ ಸುತ್ತ ಫುಟ್‌ಪಾತ್ ಪಕ್ಕ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಹುಡುಗರು ತಮ್ಮ ವ್ಯಾನ್ ನಿಲ್ಲಿಸಿ ಗಾಜಿಗೆ ಬೆಲೆ ಚೀಟಿ ಅಂಟಿಸಿ ಕೂರೋರು. ಯುರೋಪ್ ಸುತ್ತಿ ಬಂದವರು ಮಾರೋರು, ಆಗ ತಾನೇ ಬಂದಿಳಿದವರು ಕೊಳ್ಳೋರು. ತಟ್ಟೆ, ಸ್ಟವ್, ಮ್ಯಾಪ್ ಎಲ್ಲ ವ್ಯಾನ್ ಜೊತೇಲೇ ಬರ್ತಿತ್ತು. ಮುಂದೆ ಆ ಸಂತೆ ಇಸ್ಲಿಂಗ್ಟನ್‌ನ ಮಾರ್ಕೆಟ್ ರೋಡ್‌ಗೆ ಹೋಯ್ತು. ನಮ್ಮಲ್ಲಿ ಹಾಸ್ಟೆಲ್ ಬಿಡೋ ಸೀನಿಯರ್ಸ್ ಹಾಸಿಗೆ, ಬಕೆಟ್ ಮಾರ್ತಾರಲ್ಲ, ಅದೇ ಲೆಕ್ಕ. ಒಬ್ಬರು ಹೋಗೋ ಅರ್ಜೆಂಟು, ಇನ್ನೊಬ್ಬರು ಬಂದ ಅರ್ಜೆಂಟು. ಇವೆರಡರ ನಡುವೆ ಬೆಲೆ ನಿಲ್ಲುತ್ತೆ.

ಈಗ ನನ್ನ ಫೇವರಿಟ್ ಕೇಸ್. 1972. ಟೋನಿ ವೀಲರ್, ಮೌರೀನ್ ವೀಲರ್ ಅಂತ ಹೊಸದಾಗಿ ಮದುವೆಯಾದ ಜೋಡಿ. 65 ಪೌಂಡ್ ಕೊಟ್ಟು ಒಂದು ಹಳೇ ಆಸ್ಟಿನ್ ಮಿನಿವ್ಯಾನ್ ತಗೊಂಡ್ರು. ಜುಲೈನಲ್ಲಿ ಲಂಡನ್ ಬಿಟ್ರು. ಕಾಬೂಲ್‌ವರೆಗೆ ಓಡಿಸಿದ್ರು. ಅಲ್ಲಿ ಮಾರಿದ್ರು, ಅದೂ ಸ್ವಲ್ಪ ಲಾಭಕ್ಕೆ! ಅಲ್ಲಿಂದ ಬಸ್ಸು, ರೈಲು ಹಿಡಿದು ಭಾರತ ದಾಟಿ ಕೊನೆಗೆ ಸಿಡ್ನಿಗೆ ಬಂದಿಳಿದಾಗ ಅವರ ಹತ್ರ ಉಳಿದಿದ್ದು 27 ಸೆಂಟ್. ಹೇಗೆ ಬಂದ್ರಿ ಅಂತ ಎಲ್ಲರೂ ಕೇಳ್ತಾರೆ ಅಂತ 1973ರಲ್ಲಿ ಒಂದು ಸಣ್ಣ ಪುಸ್ತಕ ಬರೆದ್ರು. ಆ ಪುಸ್ತಕದಿಂದ ಹುಟ್ಟಿದ ಕಂಪನಿ ಲೋನ್ಲಿ ಪ್ಲಾನೆಟ್. ಟೂರಿಸ್ಟ್‌ಗಳ ಕೈಲಿ ಇರ್ತಿದ್ದ ದಪ್ಪ ಪುಸ್ತಕ ನೋಡಿದ್ದೀರಲ್ಲ, ಅದೇ.

ಅಕೌಂಟ್ಸ್ ಕ್ಲಾಸ್‌ನವರು ಗಮನಿಸಿ. ಆಸ್ತಿಯನ್ನ ಎಷ್ಟೋ ದೇಶ, ಮರುಭೂಮಿ ದಾಟಿಸಿ ಸವೆಸಿದ ಮೇಲೂ ಬುಕ್ ವ್ಯಾಲ್ಯೂಗಿಂತ ಹೆಚ್ಚಿಗೆ ಮಾರಿದ್ದಾರೆ. ಡಿಪ್ರಿಸಿಯೇಷನ್ ಎಲ್ಲಿ ಹೋಯ್ತು? ಅದು ಹೋಗಿಲ್ಲ. ಜಾಗ ಬದಲಾಯ್ತು ಅಷ್ಟೇ. ಲಂಡನ್‌ನಲ್ಲಿ ಗುಜರಿ ಅನ್ನಿಸಿಕೊಳ್ಳೋ ಗಾಡಿ ಕಾಬೂಲ್‌ನಲ್ಲಿ ಗಾಡಿ.

(5)

ಹಾಗಾದ್ರೆ ಡೆಲ್ಲಿಗೋ ಮೈಸೂರಿಗೋ ತಂದು ಇನ್ನೂ ಹೆಚ್ಚಿಗೆ ಮಾರಬಹುದಿತ್ತಲ್ಲ? ಇಲ್ಲಿ ಅಡ್ಡ ಬರೋದು ಒಂದು ಪುಸ್ತಕ. ಹೆಸರು ಕಾರ್ನೆ. ಬೋರ್ ಆಗುತ್ತೆ ಅಂತ ಸ್ಕಿಪ್ ಮಾಡ್ಬೇಡಿ. ಇಡೀ ಕಥೇಲಿ ನನಗೆ ಅತಿ ಇಷ್ಟವಾದ ಭಾಗ ಇದೇ, ನೀವು ನಗ್ತೀರಂತ ಗೊತ್ತು.

ಬೇರೆ ದೇಶದ ಗಾಡಿ ಒಳಗೆ ಬಂದ್ರೆ ಕಸ್ಟಮ್ಸ್‌ನವರಿಗೆ ಎರಡೇ ದಾರಿ. ಒಂದು, ಆಮದು ಅಂತ ಸುಂಕ ಹಾಕೋದು. ಇನ್ನೊಂದು, "ಇದು ಬರೀ ಸುತ್ತೋಕೆ ಬಂದಿದೆ, ವಾಪಸ್ ಹೋಗುತ್ತೆ" ಅಂತ ಯಾರಾದರೂ ಜಾಮೀನು ಕೊಟ್ರೆ ಸುಮ್ಮನೆ ಬಿಡೋದು. ಆ ಜಾಮೀನೇ ಕಾರ್ನೆ. ಅದನ್ನ ಕೊಡೋದು ಆ ದೇಶದ ಆಟೊಮೊಬೈಲ್ ಕ್ಲಬ್ಬು. ನಮ್ಮಲ್ಲಿ ಮುಂಬೈನ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್ ಕೊಡುತ್ತೆ. ಪುಸ್ತಕದ ಒಂದೊಂದು ಹಾಳೇಲೂ ಮೂರು ಭಾಗ. ಒಳಗೆ ಬರುವಾಗ ಒಂದು ಭಾಗ ಹರ್ಕೊಳ್ತಾರೆ, ಹೊರಗೆ ಹೋಗುವಾಗ ಇನ್ನೊಂದು, ಮೂರನೆಯದರ ಮೇಲೆ ಎರಡೂ ಸೀಲ್ ಬಿದ್ದು ನಿಮ್ಮ ಹತ್ರವೇ ಉಳಿಯುತ್ತೆ. ಹೊರಗೆ ಹೋದ ಸೀಲ್ ಇಲ್ಲ ಅಂದ್ರೆ ಮುಗೀತು. ಆ ದೇಶ ಕ್ಲಬ್ಬಿನ ಹತ್ರ ಸುಂಕ ಕೇಳುತ್ತೆ, ಕ್ಲಬ್ಬು ನೀವು ಇಟ್ಟ ಡಿಪಾಸಿಟ್ ಮುರ್ಕೊಳ್ಳುತ್ತೆ. ಭಾರತದ ಸುಂಕ ಎಷ್ಟು ಜೋರಿತ್ತು ಅಂದ್ರೆ, ಇಡಬೇಕಾದ ಜಾಮೀನು ಎಷ್ಟೋ ಸಲ ವ್ಯಾನಿನ ಬೆಲೆಗಿಂತ ಹೆಚ್ಚಿಗೆ ಆಗ್ತಿತ್ತು.

ಸೆಕೆಂಡ್ ಸೆಮ್‌ನಲ್ಲಿ ಕಾಂಟ್ರಾಕ್ಟ್ ಆಕ್ಟ್ ಸೆಕ್ಷನ್ 126 ಬಾಯಿಪಾಠ ಮಾಡಿದ್ವಲ್ಲ, ಸಾಲಗಾರ, ಸಾಲ ಕೊಟ್ಟವ, ಜಾಮೀನುದಾರ ಅಂತ? ಆಗ ಒಂದಕ್ಷರ ತಲೆಗೆ ಹೋಗಿರ್ಲಿಲ್ಲ. ಈಗ ಒಬ್ಬ ಹಿಪ್ಪಿ, ಒಂದು ಕಸ್ಟಮ್ಸ್ ಆಫೀಸ್, ಒಂದು ಕ್ಲಬ್ ಅಂತ ನೆನೆಸ್ಕೊಂಡ್ರೆ ಜನ್ಮದಲ್ಲಿ ಮರೆಯಲ್ಲ.

ಅದಕ್ಕೇ ಇಲ್ಲಿಗೆ ಬಂದ ವ್ಯಾನ್ ಇಲ್ಲೇ ಉಳಿಯೋ ಹಾಗಿರ್ಲಿಲ್ಲ. ಬಂದ ದಾರೀಲೇ ವಾಪಸ್ ಹೋಗ್ಬೇಕು, ಇಲ್ಲಾ ಹಡಗಿಗೆ ಹತ್ತಿಸಬೇಕು. ಕೊಳ್ಳೋ ಆಸೆ ನಮ್ಮವರಿಗಿತ್ತು, ಮಾರೋ ಅಗತ್ಯ ಅವರಿಗಿತ್ತು. ಮಧ್ಯೆ ಆ ಪುಸ್ತಕ.

(6)

ಈಗ ತಾತ.

ತಾತ ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರೀಲಿ ಇದ್ದವರು. ಮೈಸೂರಿನವರಿಗೆ ಜಾವಾ ಬಗ್ಗೆ ಹೇಳೋ ಹಾಗಿಲ್ಲ, ಆದ್ರೂ ಬೇರೆ ಊರಿನ ಫಾಲೋವರ್ಸ್‌ಗೆ ಒಂದು ಲೈನ್: 1960ರಲ್ಲಿ ಶುರುವಾದ ಕಂಪನಿ, ಜೆಕ್ ದೇಶದ ಬೈಕನ್ನ ಇಲ್ಲೇ ಮಾಡ್ತಿತ್ತು, ಮುಂದೆ ಅದೇ ಯೆಜ್ಡಿ ಆಯ್ತು, 1996ರಲ್ಲಿ ಬಾಗಿಲು ಹಾಕಿತು. ತಾತ ಎಂಜಿನ್ ಅಸೆಂಬ್ಲಿ. ಈಗಲೂ ರೋಡಲ್ಲಿ ಹಳೇ ಯೆಜ್ಡಿ ಶಬ್ದ ಕೇಳಿದ್ರೆ ಪೇಪರ್ ಕೆಳಗಿಟ್ಟು "ಟೈಮಿಂಗ್ ಸರಿ ಇಲ್ಲ" ಅಂತಾರೆ.

1974ರೋ 75ರೋ, ದಸರಾ ಮುಗಿದ ಮೇಲೆ. ತಾತ ಒಬ್ಬ ಗೆಳೆಯನ ಜಾವಾದಲ್ಲಿ ಚಾಮುಂಡಿ ಬೆಟ್ಟದಿಂದ ಇಳೀತಿದ್ರಂತೆ. ತಿರುವಿನಲ್ಲಿ ಒಂದು ವ್ಯಾನ್ ನಿಂತಿದೆ. ಕಿಟಕಿಗೆ ಹೂವಿನ ಪರದೆ, ಸ್ಟೇರಿಂಗ್ ಎಡಗಡೆ. ಸುತ್ತ ಇಪ್ಪತ್ತು ಜನ. ಎಲ್ಲರೂ ಮುಂದೆ ಬಾನೆಟ್ ಹುಡುಕ್ತಿದ್ದಾರೆ, ಬಾನೆಟ್ಟೇ ಇಲ್ಲ. ಎಂಜಿನ್ ಇಲ್ಲದ ಗಾಡಿ ಬೆಟ್ಟ ಹೇಗೆ ಹತ್ತಿತು ಅಂತ ಒಬ್ಬರು ತಾಯಿ ಚಾಮುಂಡಿಗೆ ಕೈ ಮುಗಿದರಂತೆ. (ಇದು ತಾತ ಸೇರಿಸಿದ್ದು ಅಂತ ನನಗೆ ಡೌಟು.) ತಾತ ಹಿಂದೆ ಹೋಗಿ ಬಾಗಿಲು ಎತ್ತಿದ್ರು, ಎಂಜಿನ್ ಸಿಕ್ತು. ತೊಂದರೆ ಏನೂ ದೊಡ್ಡದಲ್ಲ, ಆಕ್ಸಿಲರೇಟರ್ ಕೇಬಲ್ ತುಂಡಾಗಿದೆ. ಆದ್ರೆ ಎಂಜಿನ್ ಹಿಂದೆ, ಪೆಡಲ್ ಮುಂದೆ. ಕೇಬಲ್ ಇಡೀ ವ್ಯಾನಿನ ಉದ್ದ. ಅಷ್ಟುದ್ದದ್ದು ಮೈಸೂರಲ್ಲಿ ಎಲ್ಲಿ ಸಿಗ್ಬೇಕು?

ಗೆಳೆಯನನ್ನ ಕೆಳಗೆ ಕಳ್ಸಿ ಸೈಕಲ್ ಶಾಪಿಂದ ಬ್ರೇಕ್ ತಂತಿ, ಎಲೆಕ್ಟ್ರಿಕ್ ಅಂಗಡಿಯಿಂದ ವೈರ್ ಸೇರಿಸೋ ಒಂದು ಹಿತ್ತಾಳೆ ಕನೆಕ್ಟರ್ ತರಿಸಿದ್ರು. ತುಂಡಾದ ಕಡೆ ಎರಡನ್ನೂ ಸೇರಿಸಿ ಸ್ಕ್ರೂ ಬಿಗಿದ್ರು. ಒಂದು ಗಂಟೆ ಕೆಲಸ. ಗಾಡಿ ಸ್ಟಾರ್ಟ್ ಆಯ್ತು.

ಅವರು ಹಾಲೆಂಡಿನವರು, ಗಂಡ ಹೆಂಡತಿ. ದುಡ್ಡು ಕೊಡೋಕೆ ಬಂದ್ರಂತೆ. ತಾತ ಬೇಡ ಅಂದು, ಒಳಗೆ ನೋಡಬಹುದಾ ಅಂತ ಕೈಸನ್ನೆ ಮಾಡಿದ್ರು. ಅವರು ಒಳಗೆ ಕೂರಿಸಿ ಬೆಟ್ಟದ ಬುಡದವರೆಗೂ ಕರ್ಕೊಂಡು ಬಂದ್ರು. ಒಂದು ಸಣ್ಣ ಒಲೆ, ಮಡಚೋ ಮೇಜು, ಸೀಟೇ ಹಾಸಿಗೆ ಆಗುತ್ತೆ. ಗೋಡೆಗೆ ಒಂದು ಮ್ಯಾಪು, ಅದರ ಮೇಲೆ ಪೆನ್ಸಿಲ್ ಗೆರೆ. ಹಾಲೆಂಡ್‌ನಿಂದ ಮೈಸೂರಿನವರೆಗೂ ಒಂದೇ ಗೆರೆ.

"ಮನೇನೇ ಹೊತ್ಕೊಂಡು ಬಂದಿದ್ರು ಕಣೇ" ಅಂದ್ರು ತಾತ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಆ ಹುಡುಗ ನನಗಿಂತ ಒಂದು ವರ್ಷ ಚಿಕ್ಕವನು."

ನಾನು ಆ ಎರಡನೇ ಮಾತಿನ ಹತ್ರ ನಿಂತ್ಬಿಟ್ಟೆ.

(7)

ತಾತ ಯಾಕೆ ಹೋಗ್ಲಿಲ್ಲ? ಬಡತನ ಅಂತ ಒಂದೇ ಮಾತಲ್ಲಿ ಹೇಳಿ ಮುಗಿಸ್ಬಹುದು. ನಾನೂ ಹಾಗೇ ಅಂದ್ಕೊಂಡಿದ್ದೆ. ಆದ್ರೆ ಲೆಕ್ಕ ಹಾಕಿ. ವೀಲರ್ ದಂಪತಿ ವ್ಯಾನ್ ತಗೊಂಡಿದ್ದು 65 ಪೌಂಡ್‌ಗೆ. 1972ರಲ್ಲಿ ಒಂದು ಪೌಂಡ್ ಅಂದ್ರೆ ಹತ್ತೊಂಬತ್ತು ರೂಪಾಯಿ ಆಸುಪಾಸು. ಅಂದ್ರೆ ವ್ಯಾನ್ ಬೆಲೆ ಸುಮಾರು 1,200 ರೂಪಾಯಿ. ತಾತನ ಸಂಬಳ ಆಗ ತಿಂಗಳಿಗೆ ಮುನ್ನೂರು. ನಾಲ್ಕು ತಿಂಗಳ ಸಂಬಳ. ಕಷ್ಟ ಇರಬಹುದು, ಅಸಾಧ್ಯ ಅಲ್ಲ. ಅವರು ಫ್ಯಾಕ್ಟರಿ ಸೊಸೈಟೀಲಿ ಸಾಲ ಮಾಡಿ ಅತ್ತೆ ಮದುವೆ ಮಾಡಿದ್ದು ಅದಕ್ಕಿಂತ ಹೆಚ್ಚಿಗೆ.

ಅಡ್ಡ ಇದ್ದಿದ್ದು ರೂಪಾಯಿ ಅಲ್ಲ, ಡಾಲರ್. ಆಗ ವಿದೇಶಿ ಹಣ ಅನ್ನೋದು ರೇಷನ್ ಸಕ್ಕರೆ ಇದ್ದ ಹಾಗೆ. 1966ರ ಜೂನ್ 6ಕ್ಕೆ ರೂಪಾಯಿ ಅಪಮೌಲ್ಯ ಆಗಿ, ಒಂದು ಡಾಲರ್ 4.76 ರೂಪಾಯಿ ಇದ್ದಿದ್ದು ಒಂದೇ ದಿನದಲ್ಲಿ 7.50 ಆಯ್ತು. ದೇಶದ ಹತ್ರ ಎಣ್ಣೆಗೆ, ಗೋಧಿಗೆ, ಮೆಷಿನ್‌ಗೆ ಕೊಡೋಕೇ ಡಾಲರ್ ಸಾಲ್ತಿರ್ಲಿಲ್ಲ. ನೀವು ಹೊರದೇಶಕ್ಕೆ ಹೋಗ್ಬೇಕು ಅಂದ್ರೆ ರಿಸರ್ವ್ ಬ್ಯಾಂಕಿನ ಪಿ ಫಾರ್ಮ್ ಪಾಸಾಗಬೇಕು. ಅದಿಲ್ಲದೆ ಟಿಕೆಟ್ಟೂ ಇಲ್ಲ. ಎಪ್ಪತ್ತರ ದಶಕದಲ್ಲಿ ಅಮೆರಿಕಕ್ಕೆ ಓದೋಕೆ ಹೋದವರನ್ನ ಕೇಳಿ, ನಿಮ್ಮ ಬೀದೀಲೇ ಒಬ್ಬರು ಇರ್ತಾರೆ. "ಜೇಬಲ್ಲಿ ಎಂಟು ಡಾಲರ್ ಇಟ್ಕೊಂಡು ಹೋದೆ" ಅಂತಾರೆ. ಅದು ಬಿಲ್ಡಪ್ ಅಲ್ಲ. ಕೈಲಿ ಒಯ್ಯೋಕೆ ಬಿಡ್ತಿದ್ದಿದ್ದೇ ಅಷ್ಟು. 8 ಡಾಲರ್, ಅಂದ್ರೆ ಸುಮಾರು 60 ರೂಪಾಯಿ. 1974ರ ಜನವರಿ 1ರಿಂದ ಫೆರಾ ಕಾನೂನು ಬಂತು. ಡಾಲರ್ ತಪ್ಪು ಮಾಡಿದ್ರೆ ಜೈಲು.

65 ಪೌಂಡಿನ ವ್ಯಾನು ಬಿಡಿ, ಎಂಟು ಡಾಲರ್‌ಗೆ ಪೇಷಾವರದವರೆಗೆ ಪೆಟ್ರೋಲೂ ಬರ್ತಿರ್ಲಿಲ್ಲ. ಜೊತೆಗೆ ಕಾರ್ನೆ ಜಾಮೀನು, ವೀಸಾ, 1965 ಮತ್ತು 1971ರ ಯುದ್ಧಗಳಾದ ಮೇಲೆ ಪಾಕಿಸ್ತಾನದ ಗಡಿ. ಹಾಲೆಂಡಿನ ಹುಡುಗನಿಗೆ ಆ ಗಡಿ ಒಂದು ಸೀಲ್. ತಾತನಿಗೆ ಗೋಡೆ. ಒಂದೇ ರಸ್ತೆ, ಬರೋರಿಗೆ ಮಾತ್ರ ಓಪನ್.

ಅಂದ ಹಾಗೆ ಹಿಪ್ಪಿಗಳ ಮೇಲೆ ನನಗೆ ಕೋಪ ಇಲ್ಲ. ಆದ್ರೆ ಅವರ ಬಗ್ಗೆ ಬರೋ ವಿಡಿಯೊಗಳೆಲ್ಲ "ಧೈರ್ಯ ಇದ್ರೆ ಜಗತ್ತು ನಿಮ್ಮದು" ಅಂತ ಮ್ಯೂಸಿಕ್ ಹಾಕ್ತವಲ್ಲ, ಅದನ್ನ ನೋಡಿದ್ರೆ ಸ್ವಲ್ಪ ಉರಿಯುತ್ತೆ. ತಾತನಿಗೆ ಧೈರ್ಯ ಕಮ್ಮಿ ಇರ್ಲಿಲ್ಲ.

(8)

ಹಾಗಂತ ಆ ದಾರೀಲಿ ಮೈಸೂರಿನವರು ಯಾರೂ ಬರ್ಲೇ ಇಲ್ವಾ? ಒಬ್ಬರು ಹೊರಟಿದ್ರು. ಹೆಸರು ನಿಮಗೆಲ್ಲ ಗೊತ್ತು.

ಎನ್.ಆರ್. ನಾರಾಯಣಮೂರ್ತಿ. ನಮ್ಮ ಎನ್‌ಐಇನಲ್ಲೇ 1967ರಲ್ಲಿ ಎಂಜಿನಿಯರಿಂಗ್ ಮುಗಿಸಿದವರು. ಎಪ್ಪತ್ತರ ದಶಕದ ಶುರುವಲ್ಲಿ ಪ್ಯಾರಿಸ್‌ನಲ್ಲಿ ಕೆಲಸ ಮಾಡ್ತಿದ್ರು. 1974ರಲ್ಲಿ ಅಲ್ಲಿಂದ ಮೈಸೂರಿಗೆ ಸಿಕ್ಕ ಸಿಕ್ಕ ಗಾಡಿ ಹತ್ತಿ ಲಿಫ್ಟ್ ಕೇಳ್ಕೊಂಡು ಹೊರಟರು. ವ್ಯಾನ್ ಇಲ್ಲ. ಬೆನ್ನಿಗೊಂದು ಬ್ಯಾಗು, ಒಂದು ಸ್ಲೀಪಿಂಗ್ ಬ್ಯಾಗು. ಇದನ್ನ ಅವರೇ ಭಾಷಣದಲ್ಲಿ ಹೇಳಿದ್ದಾರೆ. ಆಗಿನ ಯುಗೊಸ್ಲಾವಿಯಾದ ನಿಶ್ ಅನ್ನೋ ಊರಿನ ಸ್ಟೇಷನ್‌ನಲ್ಲಿ ಶನಿವಾರ ರಾತ್ರಿ ಒಬ್ಬ ಡ್ರೈವರ್ ಇಳಿಸಿ ಹೋದ. ಕೈಲಿ ಆ ದೇಶದ ದುಡ್ಡಿಲ್ಲ, ಬ್ಯಾಂಕ್ ಮುಚ್ಚಿದೆ, ಊಟ ಸಿಗಲಿಲ್ಲ. ಪ್ಲಾಟ್‌ಫಾರ್ಮಲ್ಲೇ ಮಲಗಿದ್ರು. ಮಾರನೇ ರಾತ್ರಿ ಸೋಫಿಯಾಗೆ ಹೋಗೋ ರೈಲು ಹತ್ತಿ, ಎದುರಿಗಿದ್ದ ಹುಡುಗಿ ಜೊತೆ ಫ್ರೆಂಚ್‌ನಲ್ಲಿ ಮಾತಾಡಿದ್ರು. ಆಕೆ ಬಲ್ಗೇರಿಯಾದಲ್ಲಿ ಬದುಕೋ ಕಷ್ಟ ಹೇಳಿಕೊಂಡಳು. ಪಕ್ಕದಲ್ಲಿದ್ದ ಹುಡುಗ ಪೊಲೀಸ್ ಕರೆಸಿದ. ಇವರನ್ನ ಎಳ್ಕೊಂಡು ಹೋಗಿ, ಎಂಟಡಿ ಚದರದ ಕಲ್ಲು ನೆಲದ ಕೋಣೇಲಿ 72 ಗಂಟೆಗೂ ಹೆಚ್ಚು ಅನ್ನ ನೀರಿಲ್ಲದೆ ಕೂಡಿ ಹಾಕಿದ್ರು. ಆಮೇಲೆ ಗೂಡ್ಸ್ ಗಾಡಿಯ ಗಾರ್ಡ್ ಡಬ್ಬಿಗೆ ಹಾಕಿ ಇಸ್ತಾಂಬುಲ್‌ಗೆ ಕಳಿಸಿದ್ರು. ಭಾರತ ಮಿತ್ರ ದೇಶ ಅಂತ ಬಿಡ್ತಿದ್ದೀವಿ ಅಂದ್ರಂತೆ.

ಎಡಪಂಥೀಯನಾಗಿದ್ದ ತನ್ನ ಗೊಂದಲ ಅಲ್ಲಿಗೆ ಮುಗೀತು, ಉದ್ಯೋಗ ಸೃಷ್ಟಿ ಮಾಡೋ ಉದ್ಯಮವೇ ದಾರಿ ಅನ್ನಿಸ್ತು ಅಂತ ಅವರು ಹೇಳ್ತಾರೆ. 1981ರಲ್ಲಿ ಇನ್ಫೋಸಿಸ್. ಹೆಬ್ಬಾಳದ ಕ್ಯಾಂಪಸ್ ಗೇಟ್ ಮುಂದೆ ನಮ್ಮಲ್ಲಿ ಅರ್ಧ ಜನ ಸೆಲ್ಫಿ ತಗೊಂಡಿದ್ದೀವಿ. ವಾರಕ್ಕೆ 70 ಗಂಟೆ ಕೆಲಸ ಅನ್ನೋ ಅವರ ಮಾತಿನ ಬಗ್ಗೆ ಕಾಮೆಂಟ್‌ನಲ್ಲಿ ಜಗಳ ಬೇಡ, ಪ್ಲೀಸ್. ನನಗೆ ಇಲ್ಲಿ ಕಾಣೋದು ಬೇರೆ. ಅದೇ ವರ್ಷ, ಅದೇ ದಾರೀಲಿ ನೂರಾರು ವ್ಯಾನ್‌ಗಳು ಆರಾಮಾಗಿ ಹೋಗ್ತಿದ್ವು. ಅನ್ಯಾಯ ಯಾರಿಗೆ ಬೇಕಾದ್ರೂ ಆಗಬಹುದಿತ್ತು, ನಿಜ. ಆದ್ರೆ ಶನಿವಾರ ರಾತ್ರಿ ಸ್ಟೇಷನ್‌ನಲ್ಲಿ ಹಸಿದು ಮಲಗೋದಕ್ಕೂ, ನಿಮ್ಮದೇ ಒಲೆ ಹಚ್ಚಿ ಸೂಪ್ ಕಾಯಿಸ್ಕೊಂಡು ಬಾಗಿಲು ಹಾಕ್ಕೊಂಡು ಮಲಗೋದಕ್ಕೂ ತುಂಬ ದೂರ ಇದೆ. ವ್ಯಾನ್ ಅಂದ್ರೆ ಮೋಜಷ್ಟೇ ಅಲ್ಲ, ಒಂದು ಬಾಗಿಲು, ಒಂದು ಬೀಗ.

(9)

ಆ ದಾರಿ ಮುಚ್ಚಿದ್ದು ಒಂದೇ ವರ್ಷದಲ್ಲಿ. 1979ರ ಶುರುವಲ್ಲಿ ಇರಾನ್ ಕ್ರಾಂತಿ. ಡಿಸೆಂಬರ್‌ನಲ್ಲಿ ಸೋವಿಯತ್ ಸೈನ್ಯ ಅಫ್ಘಾನಿಸ್ತಾನಕ್ಕೆ. ಮುಗೀತು.

ಫಾರಿನ್‌ನವರು ಮೈಸೂರಿಗೆ ಬರೋದೇನೂ ನಿಲ್ಲಲಿಲ್ಲ. 1964ರಲ್ಲೇ ಬೆಲ್ಜಿಯಂನ ಆಂದ್ರೆ ವಾನ್ ಲಿಸ್‌ಬೆತ್ ಲಕ್ಷ್ಮೀಪುರಂಗೆ ಬಂದು ಪಟ್ಟಾಭಿ ಜೋಯಿಸರ ಹತ್ರ ಯೋಗ ಕಲಿತಿದ್ರು. ಎಪ್ಪತ್ತರ ದಶಕದಲ್ಲಿ ಅಮೆರಿಕದವರು ಬಂದ್ರು. ಈಗ ಗೋಕುಲಂನಲ್ಲಿ ಬೆಳಿಗ್ಗೆ ಎಳನೀರು ಅಂಗಡಿ ಮುಂದೆ ನಿಂತ್ರೆ ಎಷ್ಟು ದೇಶ ಕಾಣುತ್ತೆ ಲೆಕ್ಕ ಹಾಕಿ. ಎಲ್ಲರೂ ವಿಮಾನದಲ್ಲಿ ಬಂದು ಬಾಡಿಗೆ ಸ್ಕೂಟರ್ ಓಡಿಸೋರೇ. ಪೆನ್ಸಿಲ್ ಗೆರೆ ಎಳ್ಕೊಂಡು ಬಂದವರು ಒಬ್ಬರೂ ಇಲ್ಲ.

ನಮ್ಮ ಕಡೆ ಬಾಗಿಲು ತೆರೆದಿದ್ದು ನಿಧಾನಕ್ಕೆ. ಫೆರಾ ಹೋಗಿ ಫೆಮಾ ಬಂತು, 2000ದ ಜೂನ್‌ನಿಂದ ಜಾರಿ. 2004ರಲ್ಲಿ ರಿಸರ್ವ್ ಬ್ಯಾಂಕ್ ಒಬ್ಬೊಬ್ಬರಿಗೆ ವರ್ಷಕ್ಕೆ 25,000 ಡಾಲರ್ ಹೊರಗೆ ಕಳಿಸೋಕೆ ಬಿಟ್ಟಿತು. ಈಗ ಅದು 2,50,000. ಎಂಟರಿಂದ ಎರಡೂವರೆ ಲಕ್ಷ! ಪಾಸ್‌ಪೋರ್ಟ್‌ಗೂ ಬೆಂಗಳೂರಿಗೆ ಓಡಬೇಕಾಗಿತ್ತು. 2017ರ ಜನವರೀಲಿ ಪೋಸ್ಟ್ ಆಫೀಸಿನಲ್ಲೇ ಪಾಸ್‌ಪೋರ್ಟ್ ಸೇವೆ ಶುರುವಾದಾಗ ದೇಶದ ಮೊದಲ ಎರಡು ಕೇಂದ್ರಗಳಲ್ಲಿ ಒಂದು ನಮ್ಮ ಮೇಟಗಳ್ಳಿ. ಅಣ್ಣ ಪಾಸ್‌ಪೋರ್ಟ್ ಮಾಡಿಸಿದ್ದು ಅಲ್ಲೇ. ಅವನ ಜೊತೆ ಹೋಗಿದ್ದ ತಾತನೂ ಅರ್ಜಿ ಹಾಕ್ತೀನಿ ಅಂದಿದ್ರಂತೆ. ಹಾಕಲಿಲ್ಲ.

(10)

ಈಗ ಅಣ್ಣನ ವ್ಯಾನಿಗೆ ಬನ್ನಿ. ನಾನೇ ಚೆಕ್‌ಲಿಸ್ಟ್ ಮಾಡ್ಕೊಟ್ಟೆ, ಅರ್ಧ ಸ್ವಾರ್ಥ ಅಂತ ಒಪ್ಕೊಳ್ತೀನಿ. ಡೀಲ್ ಕೆಟ್ಟರೆ ನನ್ನ ಎಫ್‌ಡಿ ಉಳಿಯುತ್ತಲ್ಲ.

ನ್ಯೂಜಿಲೆಂಡ್‌ನಲ್ಲಿ ಹಳೇ ಗಾಡಿಗೆ ವಾರಂಟ್ ಆಫ್ ಫಿಟ್‌ನೆಸ್ ಅಂತ ಇರುತ್ತೆ, ನಮ್ಮ ಎಫ್‌ಸಿ ಇದ್ದ ಹಾಗೆ. ಮಾರೋಕೆ ಸ್ವಲ್ಪ ದಿನ ಮುಂಚೆ ಮಾಡಿಸಿದ್ದೇ ಇರಬೇಕು. ಡೀಸೆಲ್ ಗಾಡಿ ಆದ್ರೆ ರಸ್ತೆ ತೆರಿಗೆಯನ್ನ ಒಂದೊಂದು ಸಾವಿರ ಕಿಲೋಮೀಟರ್ ಲೆಕ್ಕದಲ್ಲಿ ಮುಂಗಡ ಕೊಳ್ಳಬೇಕು. ಹಿಂದಿನ ಓನರ್ ಕಟ್ಟದೆ ಓಡಿಸಿದ್ರೆ ಆ ಬಾಕಿ ತಲೆಗೆ ಬರುತ್ತೆ. ಗಾಡಿ ಮೇಲೆ ಯಾರದ್ದಾದರೂ ಸಾಲ ಇದೆಯಾ ಅಂತ ಸರ್ಕಾರದ ಒಂದು ರಿಜಿಸ್ಟರ್‌ನಲ್ಲಿ ಆನ್‌ಲೈನ್ ನೋಡಬಹುದು. ಆಮೇಲೆ ಟಾಯ್ಲೆಟ್. 2023ರಲ್ಲಿ ಕಾನೂನು ಬದಲಾಗಿ, ಎಲ್ಲೆಂದರಲ್ಲಿ ರಾತ್ರಿ ತಂಗೋ ಸರ್ಟಿಫಿಕೇಟ್ ಬೇಕು ಅಂದ್ರೆ ಟಾಯ್ಲೆಟ್ ವ್ಯಾನಿಗೇ ಫಿಕ್ಸ್ ಆಗಿರಬೇಕು ಅಂತ ಆಯ್ತು. ಡಬ್ಬದಲ್ಲಿ ಎತ್ತಿ ಇಡೋದು ನಡೆಯಲ್ಲ. ಮಹಾರಾಣಿಯವರ ಬೋಗಿ ಈ ವಿಷಯದಲ್ಲಿ 1899ರಲ್ಲೇ ಪಾಸು.

ಮೊದಲನೇ ವ್ಯಾನ್ ನೋಡೋಕೆ ಅಣ್ಣ ವಿಡಿಯೊ ಆನ್ ಮಾಡ್ಕೊಂಡೇ ಹೋದ. ತಾತ ಮ್ಯಾಟ್ ಎತ್ತಿಸಿದ್ರು. ಕೆಳಗೆ ತುಕ್ಕು, ಬೆರಳು ತೂರೋ ಅಷ್ಟು. ಬೇಡ. ಎರಡನೆಯದು ನೋಡೋಕೆ ಚೆನ್ನಾಗಿತ್ತು, ರಿಜಿಸ್ಟರ್‌ನಲ್ಲಿ ಸಾಲ ತೋರಿಸ್ತು. ಅದನ್ನ ಕಂಡುಹಿಡಿದಿದ್ದು ನಾನು, ದಯವಿಟ್ಟು ಚಪ್ಪಾಳೆ. ಮೂರನೆಯದು ಯುರೋಪಿಗೆ ವಾಪಸ್ ಹೋಗ್ತಿರೋ ಒಂದು ಜೋಡಿಯದ್ದು. ಬೇಸಿಗೆ ಮುಗೀತಾ ಇದೆ, ಅವರ ಟಿಕೆಟ್ ಬುಕ್ ಆಗಿದೆ. ಆಸ್ಟ್ರೇಲಿಯಾ ಹೌಸ್ ಮುಂದಿನ ಫುಟ್‌ಪಾತ್ ನೆನಪಿದೆಯಲ್ಲ? ಅಣ್ಣನಿಗೆ ಹೇಳ್ದೆ, ಅರ್ಜೆಂಟು ಅವರದ್ದು, ನಿಂದಲ್ಲ, ಸುಮ್ಮನಿರು ಅಂತ. ಎರಡು ದಿನ ಸುಮ್ಮನಿದ್ದ. 9,000 ಹೋಗಿ 7,800ಕ್ಕೆ ಬಂತು. ಸ್ಟವ್, ತಟ್ಟೆ, ಮ್ಯಾಪ್ ಎಲ್ಲ ಸೇರಿಸಿ.

ಎಫ್‌ಡಿ ಮುರಿದ್ವಿ. ಪೂರ್ತಿ ಅಲ್ಲ, ಅರವತ್ತೈದು ಸಾವಿರ. ಕೋಚಿಂಗ್‌ಗೆ ಉಳಿದದ್ದು ಸಾಲದೇ ಬಂದ್ರೆ ಅಣ್ಣ ಕೊಡ್ತಾನೆ ಅಂತ ಬರೆಸ್ಕೊಂಡಿದ್ದೀನಿ. ಸೆಕ್ಷನ್ 126, ಜಾಮೀನುದಾರರು ದೊಡ್ಡಪ್ಪ. ಬ್ಯಾಂಕಿಗೆ ತಾತನ ಜೊತೆ ಹೋಗಿದ್ದು ನಾನೇ. ಎ2 ಫಾರ್ಮ್, ಪ್ಯಾನ್ ಕಾರ್ಡ್, ಕಾರಣ ಅನ್ನೋ ಕಡೆ "ಉಡುಗೊರೆ". ಹದಿನೈದು ನಿಮಿಷ. ಕೌಂಟರ್ ಆಚೆ ಬಂದ ಮೇಲೆ ತಾತ "ಅಷ್ಟೇನಾ?" ಅಂದ್ರು. ಅಷ್ಟೇ ಅಂದೆ. ಇನ್ನೊಂದು ಸಲ ಕೇಳಿದ್ರು.

ಹೋದ ಶನಿವಾರ ಅಣ್ಣ ಹೊರಟ. ಹೊರಡೋಕೆ ಮುಂಚೆ ಕಾಲ್ ಮಾಡಿ ವ್ಯಾನ್ ಒಳಗೆಲ್ಲ ತೋರಿಸಿದ. ಅಜ್ಜಿ ಕುಕ್ಕರ್ ಎಲ್ಲಿ ಅಂತ ಕೇಳಿದ್ರು. ತಾತ ಫೋನ್ ಇಸ್ಕೊಂಡು ಕಣ್ಣಿಗೆ ಹತ್ರ ಹಿಡಿದು ಸುಮಾರು ಹೊತ್ತು ನೋಡಿದ್ರು. ಆಮೇಲೆ ಕೇಳಿದ್ರು:

"ಆಕ್ಸಿಲರೇಟರ್ ಕೇಬಲ್ ಒಂದು ಎಕ್ಸ್‌ಟ್ರಾ ಇಟ್ಕೊಂಡಿದ್ದೀಯೇನೋ?"